ಎಂಜಿನ್ ದೀಪ ಹೊತ್ತಿದರೆ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದರ್ಥವೇ?

1999ರ ಮಜ್ದಾ ಮಿಯಾಟಾದಂಥ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಎಂಜಿನ್ ದೀಪ ಹೊತ್ತಿ, ಸ್ಕ್ಯಾನರ್ ಪಿ0171 ಎಂದು ತೋರಿಸಿದರೆ ಹಲವರು ಮೊದಲು ಆಕ್ಸಿಜನ್ ಸೆನ್ಸರ್ ಬದಲಿಸುತ್ತಾರೆ. ಆದರೆ ಆ ಕೋಡ್ ಹೇಳುವುದಿಷ್ಟೇ: ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ. ಸೆನ್ಸರ್ ಬದಲಿಸುವುದೆಂದರೆ ದೂರು ಕೊಟ್ಟವನನ್ನೇ ಬಂಧಿಸಿದಂತೆ!

ಬಹಳ ಸಲ ತಪ್ಪು ಬಿರುಕುಬಿಟ್ಟ ರಬ್ಬರ್ ಪೈಪಿನದು. ಗಾಳಿ ಅಳೆಯುವ ಸೆನ್ಸರಿನಾಚೆ ನುಸುಳಿದ ಗಾಳಿ ಕಂಪ್ಯೂಟರಿನ ಲೆಕ್ಕಕ್ಕೆ ಸಿಗುವುದಿಲ್ಲ. ಇದೇ ವ್ಯಾಕ್ಯೂಮ್ ಲೀಕ್. ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಹೆಚ್ಚುವರಿಯಾಗಿ ಕೊಡುತ್ತಿರುವ ಪೆಟ್ರೋಲಿನ ಶೇಕಡಾವಾರು ನೋಡಿ. ಐಡಲ್‌ನಲ್ಲಿ ಹೆಚ್ಚಿದ್ದು, 2500 ಆರ್‌ಪಿಎಂನಲ್ಲಿ ಸೊನ್ನೆಯತ್ತ ಇಳಿದರೆ ಲೀಕ್ ಇರುವ ಸಾಧ್ಯತೆಯೇ ಹೆಚ್ಚು. ಒಟ್ಟು ಗಾಳಿ ಏರಿದಾಗ ಕಳ್ಳಗಾಳಿಯ ಪಾಲು ತಗ್ಗುತ್ತದೆ. ಇಳಿಯದಿದ್ದರೆ ಪೆಟ್ರೋಲ್ ಪಂಪು, ಫಿಲ್ಟರ್ ಪರೀಕ್ಷಿಸಿ.

ಬಿಸಿ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಲೀಕ್ ಹುಡುಕಬೇಡಿ, ಬೆಂಕಿ ಹೊತ್ತಬಹುದು. ಗ್ಯಾರೇಜಿನ ಹೊಗೆ ಪರೀಕ್ಷೆ ಸುರಕ್ಷಿತ. ದೀಪ ಮಿನುಗುತ್ತಿದ್ದರೆ ಅದು ಮಿಸ್‌ಫೈರ್. ಗಾಡಿ ಓಡಿಸುತ್ತಲೇ ಇದ್ದರೆ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಹುದು.