ನೆಲಮಾಳಿಗೆಯ ಧ್ವನಿಮುದ್ರಣ ಮತ್ತು ಕರ್ತೃತ್ವದ ಪ್ರಶ್ನೆ: ಬಾಸ್ಟನ್ ತಂಡದ ಮೊದಲ ಗೀತಸಂಪುಟ (1976)

ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದ ಚರಿತ್ರೆಯನ್ನು ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಆಕರಗಳದು. ಆಕರಗಳು ಕಡಿಮೆಯೆಂದಲ್ಲ, ಹೇರಳವಾಗಿವೆ. ಆದರೆ ಅವುಗಳಲ್ಲಿ ಬಹುಪಾಲು ಮಾರಾಟದ ಉದ್ದೇಶಕ್ಕೆಂದೇ ಸಿದ್ಧವಾದವು. ಧ್ವನಿಮುದ್ರಿಕೆಯ ಹೊದಿಕೆ, ಅದರ ಮೇಲಿನ ಹೆಸರುಗಳು, ಕಂಪನಿಯ ಪ್ರಕಟಣೆ, ಕೊನೆಗೆ ಹಾಡಿನ ಸಾಹಿತ್ಯ ಕೂಡ ಕೇಳುಗನ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ಕಥೆಯನ್ನು ನೆಲೆಗೊಳಿಸಲು ಹವಣಿಸುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ಎಂಬ ರಾಕ್ ತಂಡದ ಮೊದಲ ಗೀತಸಂಪುಟ ಈ ತೊಡಕಿಗೆ ಒಂದು ಉತ್ತಮ ನಿದರ್ಶನ. ತಂಡದ ಹೆಸರನ್ನೇ ಹೊತ್ತ ಈ ಸಂಪುಟ 1976ರ ಆಗಸ್ಟ್ 25ರಂದು ಎಪಿಕ್ ಸಂಸ್ಥೆಯಿಂದ ಹೊರಬಂದಿತು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿದ ಇದಕ್ಕೆ ಅಮೆರಿಕದಲ್ಲಿಯೇ ಕಾಲಾಂತರದಲ್ಲಿ 1 ಕೋಟಿ 70 ಲಕ್ಷ ಪ್ರತಿಗಳ ಅಧಿಕೃತ ಪ್ರಮಾಣಪತ್ರ ದೊರೆಯಿತು. ಇಷ್ಟು ಜನಪ್ರಿಯವಾದ ಕೃತಿಯೊಂದು ಯಾರದು ಎಂಬ ಸರಳ ಪ್ರಶ್ನೆಗೆ ಮಾತ್ರ ಸರಳ ಉತ್ತರವಿಲ್ಲ.

ಈ ಕೃತಿಯ ಕೇಂದ್ರದಲ್ಲಿರುವವರು ಟಾಮ್ ಶೋಲ್ಜ್. 1947ರಲ್ಲಿ ಒಹಾಯೋ ರಾಜ್ಯದ ಟೊಲೀಡೊದಲ್ಲಿ ಜನಿಸಿದ ಇವರು ಬಾಲ್ಯದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಪಿಯಾನೊ ಕಲಿತವರು. ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಯಂತ್ರಶಿಲ್ಪ ವಿಷಯದಲ್ಲಿ ಸ್ನಾತಕ ಹಾಗೂ ಸ್ನಾತಕೋತ್ತರ ಪದವಿ ಪಡೆದು, ಪೋಲರಾಯ್ಡ್ ಕ್ಯಾಮೆರಾ ಕಂಪನಿಯಲ್ಲಿ ಎಂಜಿನಿಯರಾಗಿ ಉದ್ಯೋಗಕ್ಕೆ ಸೇರಿದರು. ಹಗಲು ಅಲ್ಲಿ ದುಡಿದು, ಸಂಜೆ ವಾಟರ್‌ಟೌನ್‌ನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕುಳಿತು ಧ್ವನಿಮುದ್ರಣ ನಡೆಸುತ್ತಿದ್ದರು. ಸಂಬಳದ ಹಣವೆಲ್ಲ ಉಪಕರಣಗಳಿಗೆ ಹೋಗುತ್ತಿತ್ತು. ಅವುಗಳಲ್ಲಿ ಮುಖ್ಯವಾದುದು ಹನ್ನೆರಡು ಪಥಗಳ ಸ್ಕಲ್ಲಿ ಟೇಪ್ ಯಂತ್ರ.

ಈ ಯಂತ್ರದ ಕೆಲಸವನ್ನು ತುಸು ವಿವರಿಸುವುದು ಅವಶ್ಯ. ಬಹುಪಥ ಟೇಪಿನಲ್ಲಿ ಅಗಲವಾದ ಒಂದೇ ಕಾಂತಪಟ್ಟಿಯ ಮೇಲೆ ಹಲವು ಸಮಾನಾಂತರ ಓಣಿಗಳಿರುತ್ತವೆ. ಒಂದು ಓಣಿಯಲ್ಲಿ ಮೊದಲೇ ಮುದ್ರಿತವಾದುದನ್ನು ಕೇಳುತ್ತ, ಅದಕ್ಕೆ ಹೊಂದುವಂತೆ ಇನ್ನೊಂದು ವಾದ್ಯವನ್ನು ನುಡಿಸಿ ಬೇರೆ ಓಣಿಯಲ್ಲಿ ತುಂಬಬಹುದು. ಹೀಗೆ ಒಬ್ಬನೇ ವ್ಯಕ್ತಿ ಗಿಟಾರ್, ಬಾಸ್ ಗಿಟಾರ್, ಆರ್ಗನ್‌ಗಳನ್ನು ಒಂದಾದ ಮೇಲೊಂದರಂತೆ ನುಡಿಸಿ ಇಡೀ ತಂಡದ ನಾದವನ್ನು ಕಟ್ಟಲು ಸಾಧ್ಯ. ಓಣಿಗಳು ಸಾಲದಾದಾಗ ಹಲವನ್ನು ಒಂದಕ್ಕೆ ಇಳಿಸಿಕೊಳ್ಳಬೇಕು. ಹಾಗೆ ಇಳಿಸಿದಷ್ಟೂ ಟೇಪಿನ ‘ಹಿಸ್’ ಸದ್ದು ಏರುತ್ತದೆ. ಆದುದರಿಂದ ಯಾವುದನ್ನು ಮೊದಲು ನುಡಿಸಬೇಕು, ಯಾವುದನ್ನು ಯಾವುದರೊಡನೆ ಬೆರೆಸಬೇಕು ಎಂಬ ಲೆಕ್ಕಾಚಾರ ಇಲ್ಲಿ ರಾಗಸಂಯೋಜನೆಯಷ್ಟೇ ಮುಖ್ಯವಾಗುತ್ತದೆ. ಶೋಲ್ಜ್ ಅವರ ತಾಂತ್ರಿಕ ಶಿಕ್ಷಣವನ್ನು ಜೀವನಚರಿತ್ರೆಯ ಒಂದು ಸ್ವಾರಸ್ಯಕರ ವಿವರವೆಂದು ಹೇಳಿ ಮುಂದೆ ಸಾಗುವ ಬರಹಗಳೇ ಹೆಚ್ಚು. ಅದು ಈ ಸಂಗೀತದ ರಚನಾಕ್ರಮದ ಒಳಗೇ ಸೇರಿಕೊಂಡಿದೆ ಎಂಬುದು ನನ್ನ ಅಭಿಪ್ರಾಯ.

ಸಂಪುಟದ ನಾದವನ್ನು ಕಿವಿಗೊಟ್ಟು ಆಲಿಸಿದರೆ ಇದು ಸ್ಪಷ್ಟವಾಗುತ್ತದೆ. ಒಂದೇ ಗಿಟಾರ್ ಪಲುಕನ್ನು ಎರಡು ಸಲ ನುಡಿಸಿ ಎಡಬಲಗಳಲ್ಲಿ ಇರಿಸಿದಾಗ, ಎರಡು ನುಡಿಕೆಗಳ ನಡುವಿನ ಕೂದಲೆಳೆಯ ವ್ಯತ್ಯಾಸದಿಂದಲೇ ನಾದಕ್ಕೊಂದು ವೈಶಾಲ್ಯ ಬರುತ್ತದೆ. ಅದರ ಮೇಲೆ ಮತ್ತೊಂದು ಗಿಟಾರ್ ಅದೇ ಸ್ವರರೇಖೆಯನ್ನು ತುಸು ಮೇಲಿನ ಸ್ವರದಿಂದ ಅನುಸರಿಸುತ್ತದೆ. ಒರಟಾದ, ಗದ್ದಲದ ವಾದ್ಯವೆಂದು ಹೆಸರಾದ ವಿದ್ಯುತ್ ಗಿಟಾರ್ ಇಲ್ಲಿ ಪಿಟೀಲುಗಳ ಮೇಳದಂತೆ ಹಾಡುತ್ತದೆ. ಗಾಯಕ ಬ್ರಾಡ್ ಡೆಲ್ಪ್ ಅವರ ವಿಷಯದಲ್ಲಿಯೂ ಹೀಗೆಯೇ: ಮುಖ್ಯ ಕಂಠವೂ ಅದರ ಸುತ್ತ ಕೇಳುವ ಮೇಳದ ಕಂಠಗಳೂ ಬಹುತೇಕ ಅವರವೇ. ರಾಕ್ ಸಂಗೀತದ ಬಲವನ್ನೂ ಮಾಧುರ್ಯವನ್ನೂ ಒಂದೆಡೆ ತಂದ ಈ ಬಗೆಯನ್ನು ‘ಸುಮಧುರ ರಾಕ್’ ಎಂದು ಕರೆಯುವುದಾದರೆ, ಅದರ ನಂತರದ ಅನೇಕ ತಂಡಗಳು ಅನುಸರಿಸಿದ ಮಾದರಿ ಇಲ್ಲಿ ಸಿದ್ಧಗೊಂಡಿತು. ಅತ್ಯಂತ ಪ್ರಸಿದ್ಧವಾದ ‘ಮೋರ್ ದ್ಯಾನ್ ಎ ಫೀಲಿಂಗ್’ ಗೀತೆಗೆ ಲೆಫ್ಟ್ ಬ್ಯಾಂಕ್ ತಂಡದ ‘ವಾಕ್ ಅವೇ ರೆನೀ’ ಗೀತೆ ಪ್ರೇರಣೆಯೆಂದು ಶೋಲ್ಜ್ ಅವರೇ ಹೇಳಿಕೊಂಡಿದ್ದಾರೆ. ಆ ಹಳೆಯ ಗೀತೆ ಹತ್ತು ವರ್ಷ ಹಿಂದಿನ, ತಂತಿವಾದ್ಯಗಳ ಹಿನ್ನೆಲೆಯುಳ್ಳ ಮೃದು ಪಾಪ್ ರಚನೆ. ವಂಶಾವಳಿಯನ್ನು ಗುರುತಿಸಲು ಈ ಸುಳಿವು ಸಾಕು.

ಹಲವು ಕಂಪನಿಗಳು ಹಿಂದಕ್ಕೆ ಕಳುಹಿಸಿದ್ದ ಈ ನೆಲಮಾಳಿಗೆಯ ಟೇಪುಗಳನ್ನು ಕೊನೆಗೆ ಎಪಿಕ್ ಒಪ್ಪಿಕೊಂಡಿತು. ಆದರೆ ಒಂದು ಷರತ್ತು: ಎಲ್ಲವನ್ನೂ ವೃತ್ತಿಪರ ಸ್ಟುಡಿಯೋದಲ್ಲಿ ಹೊಸದಾಗಿ ಮುದ್ರಿಸಬೇಕು. ಅದಕ್ಕಾಗಿ ಜಾನ್ ಬಾಯ್ಲನ್ ಎಂಬ ಅನುಭವಿ ನಿರ್ಮಾಪಕರನ್ನು ಗೊತ್ತುಮಾಡಲಾಯಿತು. ಶೋಲ್ಜ್ ತಮ್ಮ ನೆಲಮಾಳಿಗೆ ಬಿಟ್ಟು ಕದಲಲು ಸಿದ್ಧರಿರಲಿಲ್ಲ. ಆಗ ಬಾಯ್ಲನ್ ಹೂಡಿದ ಉಪಾಯ ಧ್ವನಿಮುದ್ರಣದ ಚರಿತ್ರೆಯಲ್ಲಿ ಅಪರೂಪದ್ದು. ತಂಡದ ಉಳಿದವರನ್ನು ಕರೆದುಕೊಂಡು ಅವರು ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ‘ಲೆಟ್ ಮಿ ಟೇಕ್ ಯು ಹೋಮ್ ಟುನೈಟ್’ ಎಂಬ ಡೆಲ್ಪ್ ರಚನೆಯ ಮುದ್ರಣ ನಡೆಯಿತು. ಕಂಪನಿಯ ಕಣ್ಣಿಗೆ ಅದು ಸಂಪುಟದ ಕೆಲಸವಾಗಿತ್ತು. ಅದೇ ವೇಳೆ ಮೂರು ಸಾವಿರ ಮೈಲಿಗೆ ಸಮೀಪದ ದೂರದಲ್ಲಿ ಶೋಲ್ಜ್ ಒಬ್ಬರೇ ಕುಳಿತು ಉಳಿದ ಹಾಡುಗಳ ವಾದ್ಯಭಾಗಗಳನ್ನು ಪೂರೈಸುತ್ತಿದ್ದರು. ಬಳಿಕ ಪ್ರಾವಿಡೆನ್ಸ್ ನಗರದಿಂದ ಸಂಚಾರಿ ಧ್ವನಿಮುದ್ರಣ ವಾಹನವೊಂದನ್ನು ತರಿಸಿ, ನೆಲಮಾಳಿಗೆಯ ಕಿಟಕಿಯ ಮೂಲಕ ಕೇಬಲ್ ಎಳೆದು, ಹನ್ನೆರಡು ಪಥಗಳ ಟೇಪನ್ನು ಇಪ್ಪತ್ತನಾಲ್ಕು ಪಥಗಳ ಯಂತ್ರಕ್ಕೆ ವರ್ಗಾಯಿಸಲಾಯಿತು. ಕಂಠಭಾಗ ಮತ್ತು ಅಂತಿಮ ಮಿಶ್ರಣಗಳು ಲಾಸ್ ಏಂಜಲೀಸ್‌ನಲ್ಲಿ ನಡೆದವು. ಹೊದಿಕೆಯ ಮೇಲೆ ನಿರ್ಮಾಪಕರೆಂದು ಬಾಯ್ಲನ್ ಮತ್ತು ಶೋಲ್ಜ್ ಇಬ್ಬರ ಹೆಸರೂ ಇದೆ.

ಈಗ ಕರ್ತೃತ್ವದ ಪ್ರಶ್ನೆಗೆ ಬರೋಣ. ಹೊದಿಕೆ ಐವರ ತಂಡವನ್ನು ಮುಂದಿಡುತ್ತದೆ: ಶೋಲ್ಜ್, ಡೆಲ್ಪ್, ಗಿಟಾರ್‌ಗೆ ಬ್ಯಾರಿ ಗೂಡ್ರೋ, ಬಾಸ್‌ಗೆ ಫ್ರಾನ್ ಶೀಹನ್, ಡ್ರಮ್ಸ್‌ಗೆ ಸಿಬ್ ಹಶಿಯಾನ್. ಎಂಟು ಹಾಡುಗಳಲ್ಲಿ ಆರು ಶೋಲ್ಜ್ ಒಬ್ಬರ ರಚನೆ, ‘ಸ್ಮೋಕಿನ್’ ಶೋಲ್ಜ್ ಮತ್ತು ಡೆಲ್ಪ್ ಇಬ್ಬರದು, ಕೊನೆಯದು ಡೆಲ್ಪ್ ಅವರದು. ಗೂಡ್ರೋ ಹಾಗೂ ಶೀಹನ್ ಕೆಲವೇ ಹಾಡುಗಳಲ್ಲಿ ಕೇಳಿಬರುತ್ತಾರೆ. ಉಳಿದೆಡೆ ಗಿಟಾರ್, ಬಾಸ್, ಆರ್ಗನ್ ಮೂರೂ ಶೋಲ್ಜ್ ಅವರವು. ಹಾಗಾದರೆ ಇದು ಒಬ್ಬನ ಕೃತಿಯೆ? ಹಾಗೆನ್ನುವುದೂ ಅವಸರದ ತೀರ್ಮಾನವಾದೀತು. ಡೆಲ್ಪ್ ಅವರ ಕಂಠವಿಲ್ಲದೆ ಈ ಹಾಡುಗಳನ್ನು ಊಹಿಸಿಕೊಳ್ಳುವುದೇ ಕಷ್ಟ. ಬಾಯ್ಲನ್ ಅವರ ಜಾಣ್ಮೆಯಿಲ್ಲದಿದ್ದರೆ ನೆಲಮಾಳಿಗೆಯ ನಾದ ಉಳಿಯುತ್ತಲೇ ಇರಲಿಲ್ಲ. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ತಲೆಮಾರುಗಳ ಕಾಲ ಚರ್ಚಿಸಿದ ನಮ್ಮ ವಿದ್ವತ್ ಪರಂಪರೆಗೆ ಹೆಸರು ಹೊತ್ತವನು, ಅನುಮತಿಸಿದವನು, ರಚಿಸಿದವನು ಬೇರೆ ಬೇರೆಯಾಗಿರಬಹುದೆಂಬ ಸಂಗತಿ ಹೊಸದೇನಲ್ಲ.

ಹೊದಿಕೆಯ ಐವರಲ್ಲಿ ಸೇರದ ಒಬ್ಬರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಜಿಮ್ ಮಾಸ್ಡಿಯಾ ಶೋಲ್ಜ್ ಅವರ ಆರಂಭದ ದಿನಗಳ ಸಂಗಾತಿ; ಕಂಪನಿಗಳಿಗೆ ಹೋದ ಟೇಪುಗಳಲ್ಲಿ ಡ್ರಮ್ಸ್ ನುಡಿಸಿದವರು. ಒಪ್ಪಂದ ಕೈಗೂಡುವ ಹೊತ್ತಿಗೆ ಅವರ ಸ್ಥಾನಕ್ಕೆ ಹಶಿಯಾನ್ ಬಂದಿದ್ದರು. ಸಂಪುಟದಲ್ಲಿ ಮಾಸ್ಡಿಯಾ ನುಡಿಸಿರುವುದು ‘ರಾಕ್ ಅಂಡ್ ರೋಲ್ ಬ್ಯಾಂಡ್’ ಎಂಬ ಒಂದೇ ಹಾಡಿನಲ್ಲಿ. ವಿಪರ್ಯಾಸವೆಂದರೆ ಆ ಹಾಡು ತಂಡವೊಂದು ಬಾರು ಬಾರುಗಳಲ್ಲಿ ನುಡಿಸುತ್ತ ಹಂತಹಂತವಾಗಿ ಮೇಲೇರಿ, ಕಂಪನಿಯ ಗಣ್ಯನೊಬ್ಬನ ಕಣ್ಣಿಗೆ ಬಿದ್ದ ಕಥೆಯನ್ನು ಹೇಳುತ್ತದೆ. ವಾಸ್ತವದಲ್ಲಿ ಅಂಥದ್ದೇನೂ ನಡೆದಿರಲಿಲ್ಲ. ತಂಡ ರೂಪುಗೊಂಡದ್ದೇ ಟೇಪಿನ ನಂತರ. ಹಾಡಿನ ಸಾಹಿತ್ಯವನ್ನು ಆತ್ಮಕಥನವೆಂದು ಓದುವ ಸಂಶೋಧಕರು ಇದನ್ನು ಎಚ್ಚರಿಕೆಯಿಂದ ಗಮನಿಸಬೇಕು. ಇದಕ್ಕೆ ವ್ಯತಿರಿಕ್ತವಾಗಿ ‘ಪೀಸ್ ಆಫ್ ಮೈಂಡ್’ ಗೀತೆಯ ವಸ್ತು, ಅಂದರೆ ಕಚೇರಿಯ ಬಡ್ತಿಯ ಸ್ಪರ್ಧೆಯ ಬಗೆಗಿನ ಬೇಸರ, ಪೋಲರಾಯ್ಡ್‌ನ ದಿನಗಳಿಂದ ನೇರವಾಗಿ ಬಂದದ್ದು. ಎರಡೂ ಒಂದೇ ಸಂಪುಟದ ಮೊದಲರ್ಧದಲ್ಲಿವೆ.

ಹೊದಿಕೆಯ ಚಿತ್ರವನ್ನು ಕುರಿತು ಒಂದು ಮಾತು ಸಾಕು. ಸಿಡಿಯುತ್ತಿರುವ ಭೂಮಿಯಿಂದ ಪಾರಾಗುವ ಗಿಟಾರ್ ಆಕಾರದ ಆಕಾಶನೌಕೆಗಳನ್ನು ರೋಜರ್ ಹ್ಯೂಸನ್ ಚಿತ್ರಿಸಿದರು, ವಿನ್ಯಾಸದ ಹೊಣೆ ಪೌಲಾ ಶೆರ್ ಅವರದು. ಮುಂದೆ ಅಮೆರಿಕದ ಹೆಸರಾಂತ ವಿನ್ಯಾಸಕಾರ್ತಿಯಾದ ಶೆರ್ ಅವರಿಗೆ ಈ ಹೊದಿಕೆಯ ಬಗ್ಗೆ ಅಂಥ ಅಭಿಮಾನವೇನೂ ಇರಲಿಲ್ಲ.

ವಿಮರ್ಶೆಯ ಚರಿತ್ರೆ ಇದಕ್ಕಿಂತ ಕುತೂಹಲಕರ. ಎಪ್ಪತ್ತರ ದಶಕದ ಕೊನೆಗೆ ವಿಮರ್ಶಕರು ಈ ತಂಡವನ್ನು ಫಾರಿನರ್, ಜರ್ನಿ ಮೊದಲಾದವುಗಳೊಡನೆ ಸೇರಿಸಿ ‘ಕಾರ್ಪೊರೇಟ್ ರಾಕ್’ ಎಂದು ಹೀಗಳೆದರು. ಕಂಪನಿಗಳು ಎಫ್ಎಂ ಬಾನುಲಿಗಾಗಿ ಅಳತೆಗೆ ಹೊಲಿಸಿದ ಸರಕು ಎಂಬುದು ಅದರ ಅರ್ಥ. ಅದಕ್ಕೆ ಎದುರಾಗಿ ಪ್ರಾಮಾಣಿಕತೆಯ, ಸ್ವಾವಲಂಬನೆಯ ಸಂಕೇತವಾಗಿ ಪಂಕ್ ಸಂಗೀತವನ್ನು ನಿಲ್ಲಿಸಲಾಯಿತು. ತಯಾರಿಕೆಯ ವಿವರಗಳನ್ನು ಹೋಲಿಸಿ ನೋಡಿದರೆ ಈ ವಿಭಜನೆ ನಿಲ್ಲುವುದಿಲ್ಲ. ಪಂಕ್‌ನ ಆದ್ಯ ಕೃತಿಯೆನಿಸಿದ ರಾಮೋನ್ಸ್ ತಂಡದ ಮೊದಲ ಸಂಪುಟ ಇದಕ್ಕೆ ನಾಲ್ಕು ತಿಂಗಳು ಮೊದಲು, 1976ರ ಏಪ್ರಿಲ್‌ನಲ್ಲಿ ಬಂದಿತು. ಅದರ ಮುದ್ರಣವಾದದ್ದು ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ ಕಟ್ಟಡದ ಸುಸಜ್ಜಿತ ಸ್ಟುಡಿಯೋದಲ್ಲಿ. ಕಂಪನಿಯ ಸರಕೆನಿಸಿಕೊಂಡದ್ದು ಕಂಪನಿಯ ಕಣ್ಣು ತಪ್ಪಿಸಿ ಮನೆಯ ನೆಲಮಾಳಿಗೆಯಲ್ಲಿ ರೂಪುಗೊಂಡಿತು. ನಯವಾದ ನಾದ ಬಂಡವಾಳದ್ದು, ಒರಟು ನಾದ ಜನರದ್ದು ಎಂಬ ಗ್ರಹಿಕೆ ಕಿವಿಯ ಅಭ್ಯಾಸವೇ ಹೊರತು ದಾಖಲೆಯ ಆಧಾರವುಳ್ಳದ್ದಲ್ಲ. ವಿಮರ್ಶಕರ ಬೇಸರವನ್ನು ಪೂರ್ತಿ ತಳ್ಳಿಹಾಕುವಂತಿಲ್ಲವೆಂಬುದೂ ನಿಜ. ಈ ಸಂಪುಟದ ಯಶಸ್ಸಿನ ನಂತರ ಕಂಪನಿಗಳು ಇದೇ ಅಚ್ಚಿನಲ್ಲಿ ಎರಕ ಹೊಯ್ದ ಅನೇಕ ತಂಡಗಳನ್ನು ಮಾರುಕಟ್ಟೆಗೆ ಬಿಟ್ಟವು, ಅವುಗಳಲ್ಲಿ ಬಹಳಷ್ಟು ಸಪ್ಪೆ.

ಕಂಪನಿಯೊಡನೆ ಶೋಲ್ಜ್ ಅವರ ಸಂಬಂಧ ಮುಂದೆ ಹದಗೆಟ್ಟಿತು. ಎರಡನೆಯ ಸಂಪುಟ ‘ಡೋಂಟ್ ಲುಕ್ ಬ್ಯಾಕ್’ 1978ರಲ್ಲಿ ಬಂದಿತು. ತಮಗೆ ತೃಪ್ತಿಯಾಗುವ ಮೊದಲೇ ಅದನ್ನು ಹೊರತರಬೇಕಾಯಿತೆಂಬ ಕೊರಗು ಅವರಿಗಿತ್ತು. ಮೂರನೆಯದರ ವಿಳಂಬದಿಂದ ರೋಸಿದ ಸಿಬಿಎಸ್ ಸಂಸ್ಥೆ 1983ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಅಷ್ಟರಲ್ಲಿ ಶೋಲ್ಜ್ ಸ್ವಂತ ಉಪಕರಣ ತಯಾರಿಕಾ ಸಂಸ್ಥೆಯನ್ನು ಸ್ಥಾಪಿಸಿ, ತಮ್ಮ ಗಿಟಾರ್ ನಾದವನ್ನು ಅಂಗೈಯಗಲದ ಪೆಟ್ಟಿಗೆಯಲ್ಲಿ ಕೊಡುವ ‘ರಾಕ್‌ಮನ್’ ಎಂಬ ಸಾಧನವನ್ನು 1982ರಲ್ಲಿ ಮಾರುಕಟ್ಟೆಗೆ ತಂದಿದ್ದರು. ಎಂಟು ವರ್ಷಗಳ ಅಂತರದ ನಂತರ ‘ಥರ್ಡ್ ಸ್ಟೇಜ್’ 1986ರಲ್ಲಿ ಎಂಸಿಎ ಸಂಸ್ಥೆಯಿಂದ ಪ್ರಕಟವಾಯಿತು. ವ್ಯಾಜ್ಯ 1990ರಲ್ಲಿ ಶೋಲ್ಜ್ ಅವರ ಪರವಾಗಿ ಮುಗಿಯಿತು. ಮೂರನೆಯ ಸಂಪುಟದಲ್ಲಿ ಡ್ರಮ್ಸ್ ನುಡಿಸಿದವರಲ್ಲಿ ಮಾಸ್ಡಿಯಾ ಇದ್ದಾರೆ ಎಂಬುದನ್ನು ಇಲ್ಲಿ ದಾಖಲಿಸಬೇಕು. ಮೊದಲ ಸಂಪುಟದ ಕಂಠವಾಗಿದ್ದ ಬ್ರಾಡ್ ಡೆಲ್ಪ್ 2007ರ ಮಾರ್ಚ್ 9ರಂದು, ಹಶಿಯಾನ್ 2017ರಲ್ಲಿ ನಿಧನರಾದರು.

ಗ್ರಂಥಾಲಯಗಳಿಗೂ ಸಂಶೋಧಕರಿಗೂ ಉಪಯುಕ್ತವಾಗಬಹುದಾದ ಪಾಠಾಂತರದ ಸಂಗತಿಯೊಂದು ಉಳಿದಿದೆ. ಈ ಸಂಪುಟ 1976ರ ಎಲ್‌ಪಿ ತಟ್ಟೆಯಾಗಿಯೂ, ಬಳಿಕ ಸಿಡಿಯಾಗಿಯೂ ದೊರೆಯುತ್ತದೆ. 2006ರಲ್ಲಿ ಕಂಪನಿ ಅದನ್ನು ಮರುಸಂಸ್ಕರಿಸಿ ಹೊರತರಲು ಮುಂದಾದಾಗ ಶೋಲ್ಜ್ ಆ ಕೆಲಸವನ್ನು ತಾವೇ ವಹಿಸಿಕೊಂಡರು. ಆದುದರಿಂದ 2006ರ ಆವೃತ್ತಿ ಕರ್ತೃವೇ ಮೂವತ್ತು ವರ್ಷಗಳ ನಂತರ ಪರಿಷ್ಕರಿಸಿದ ಪಾಠ. ಮೊದಲ ಕೇಳುಗರ ಕಿವಿಗೆ ಬಿದ್ದುದು ಮಾತ್ರ ಎಲ್‌ಪಿಯ ನಾದ. ಬಾನುಲಿಯಲ್ಲಿ ಬಿತ್ತರವಾದುದೂ ಅದೇ. ಸ್ವೀಕಾರದ ಚರಿತ್ರೆಯನ್ನು ಬರೆಯುವವರು 1976ರ ತಟ್ಟೆಯನ್ನು ಆಧಾರವಾಗಿ ಇಟ್ಟುಕೊಳ್ಳುವುದು ಯುಕ್ತ. ಶೋಲ್ಜ್ ಅವರ ನಾದಕಲ್ಪನೆಯನ್ನು ಅಧ್ಯಯನ ಮಾಡುವವರು ಎರಡನ್ನೂ ಎದುರುಬದುರಾಗಿ ಇಟ್ಟು ಕೇಳಬೇಕಾಗುತ್ತದೆ.