ಹಬ್ಬವು ಕಾಪಾಡಿದ ಭಕ್ತಿ: ಕಾನಕಾನಹಳ್ಳಿ ಸೀಮೆಯ ಕ್ರೈಸ್ತರು

ಒಂದು ಮತವು ಒಂದು ನಾಡಿಗೆ ಬಂದ ಬಗೆಯನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿಡುವುದುಂಟು. ಆದರೆ ಬಂದಮೇಲೆ ಅದು ಉಳಿದುದು ಹೇಗೆ, ಅಜ್ಜಿಯ ಬಾಯಿಂದ ಮೊಮ್ಮಗನ ಬಾಯಿಗೆ ದಾಟಿದುದು ಹೇಗೆ ಎಂಬುದನ್ನು ವಿಚಾರಿಸುವವರು ವಿರಳ. ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಅರಸತಕ್ಕವರು ದೂರ ಹೋಗಬೇಕಾಗಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದೊಡನೆ ಕೆಂಪೇಗೌಡನ ಕೋಟೆ, ಅರಗಿನ ಬೊಂಬೆ, ರೇಷ್ಮೆಯ ಗೂಡು, ಬಂಡೆಯ ಬೆಟ್ಟ ಇವೇ ಮೊದಲು ನೆನಪಿಗೆ ಬರುವುವು. ಇದೇ ಸೀಮೆಯಲ್ಲಿ, ಕನಕಪುರ ತಾಲ್ಲೂಕಿನ ಅರ್ಕಾವತಿಯ ಬಳಿ, ಹಾರೋಬೆಲೆಯೆಂಬ ಊರಿದೆ. ಅಲ್ಲಿನ ಜನರು ಬಹುಮಟ್ಟಿಗೆ ಕ್ಯಾಥೋಲಿಕ್ ಕ್ರೈಸ್ತರು, ಮನೆಮಾತು ಕನ್ನಡ, ಕಸುಬು ಬೇಸಾಯ, ಅವರ ಪರಂಪರೆಯು ಮುನ್ನೂರು ವರ್ಷಗಳನ್ನು ಮೀರಿದುದು.

ಈ ಪರಂಪರೆಯ ಮೂಲವು ಹದಿನೇಳನೆಯ ಶತಮಾನದ ನಡುಭಾಗದಲ್ಲಿದೆ. ಕಂಠೀರವ ನರಸರಾಜ ಒಡೆಯರು (1638–1659) ಆಳುತ್ತಿದ್ದಾಗ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಗಲ್ಲನ್ನಿಟ್ಟನು. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ದೆ ನೊಬಿಲಿಯು ಸಂನ್ಯಾಸಿಯ ವೇಷವನ್ನು ಧರಿಸಿ, ನಾಡಿನ ಭಾಷೆಯನ್ನು ಕಲಿತು ಬೋಧಿಸಿದ್ದನು. ಚಿನ್ನಾಮಿಯೂ ಅದೇ ಮಾರ್ಗವನ್ನು ಹಿಡಿದನು. ಆತನು ಕನ್ನಡವನ್ನು ಕಲಿತು, ಜ್ಞಾನೋಪದೇಶದ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಅಂದು ಕಾನಕಾನಹಳ್ಳಿಯೆಂದು ಕರೆಯಲ್ಪಡುತ್ತಿದ್ದ ಕನಕಪುರವು ಆ ಮಿಷನ್ನಿನ ನೆಲೆಗಳಲ್ಲಿ ಒಂದಾಯಿತು.

ಪರೀಕ್ಷೆಯ ಕಾಲವು ಬಂದುದು ಮುಂದಿನ ಶತಮಾನದಲ್ಲಿ. 1759ರಲ್ಲಿ ಪೋರ್ತುಗಲ್ ಸರ್ಕಾರವು ಯೇಸುಸಭೆಯವರನ್ನು ತನ್ನ ರಾಜ್ಯದಿಂದ ಹೊರಗಟ್ಟಿತು. 1773ರಲ್ಲಿ ಪೋಪ್ ಹದಿನಾಲ್ಕನೆಯ ಕ್ಲೆಮೆಂಟನು ಆ ಸಭೆಯನ್ನೇ ವಿಸರ್ಜಿಸಿದನು. ಗೋವೆಯ ಕಡೆಯಿಂದ ಹೊಸ ಗುರುಗಳು ಬರುವುದು ನಿಂತಿತು. ಬಳಿಕ ಯುದ್ಧಗಳು ತೊಡಗಿದುವು. 1784ರಲ್ಲಿ ಟೀಪು ಸುಲ್ತಾನನು ಕೆನರಾದ ಕ್ಯಾಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 1791ರಲ್ಲಿ ಕಾರ್ನ್‌ವಾಲಿಸನ ದಂಡೂ, 1799ರಲ್ಲಿ ಹ್ಯಾರಿಸನ ದಂಡೂ ಶ್ರೀರಂಗಪಟ್ಟಣದತ್ತ ನಡೆದುದು ಕಾನಕಾನಹಳ್ಳಿಯ ದಾರಿಯಿಂದಲೇ. ದಂಡಿನ ದಾರಿಯಲ್ಲಿರುವ ಹಳ್ಳಿಯ ಪಾಡನ್ನು ವರ್ಣಿಸಬೇಕಾಗಿಲ್ಲ. ದೇವಾಲಯವಿದ್ದರೆ ಗುರುವಿಲ್ಲ, ಗುರುವು ಬಂದರೆ ಪೂಜೆಗೆ ಶಾಂತಿಯಿಲ್ಲ. ಮೈಸೂರು ಸೀಮೆಯ ಒಂದು ತಲೆಮಾರಿನ ಮಕ್ಕಳು ಬಹುಮಟ್ಟಿಗೆ ಗುರುಗಳ ಬೋಧೆಯಿಲ್ಲದೆಯೇ ಬೆಳೆದರು.

ಶ್ರೀರಂಗಪಟ್ಟಣವು ಬಿದ್ದಮೇಲೆ, ಚದುರಿದ ಕ್ರೈಸ್ತರನ್ನು ಕೂಡಿಸಲು ಫ್ರಾನ್ಸಿನ ಅಬ್ಬೆ ದುಬ್ವಾ ಎಂಬ ಗುರುವು ಬಂದನು. ನಾಡವರ ಉಡುಗೆಯನ್ನುಟ್ಟು, ಅವರ ಊಟವನ್ನುಂಡು 1823ರ ವರೆಗೆ ದುಡಿದ ಈತನನ್ನು ಜನರು ದೊಡ್ಡಸ್ವಾಮಿಯವರೆಂದು ಕರೆದರು. ಆದರೆ ಹಿಂದಿರುಗುವಾಗ ಆತನ ಮನಸ್ಸಿನಲ್ಲಿ ಆಶೆಯಿರಲಿಲ್ಲ. ಈ ದೇಶದಲ್ಲಿ ಕ್ರೈಸ್ತಮತವು ಬೇರೂರಲಾರದೆಂದು ಆತನು ಅದೇ ವರ್ಷ ಪ್ರಕಟವಾದ ತನ್ನ ಪತ್ರಗಳಲ್ಲಿ ಬರೆದನು. ಪಂಡಿತನ ಈ ತೀರ್ಪು ಸಂಖ್ಯೆಯ ವಿಷಯದಲ್ಲಿ ಹೇಗಾದರೂ ಇರಲಿ. ಬೇರಿನ ವಿಷಯದಲ್ಲಿ ಮಾತ್ರ ಸುಳ್ಳಾಯಿತು. ಆತನಿಗೆ ಕೂಡಿಸುವುದಕ್ಕೆ ಜನರು ಸಿಕ್ಕಿದುದೇ ಬೇರು ಸತ್ತಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಆ ಬೇರು ಎಲ್ಲಿತ್ತು? ಮನೆಯಲ್ಲಿತ್ತು ಎಂಬುದೇ ಉತ್ತರ. ಕ್ಯಾಥೋಲಿಕ್ ಸಭೆಯ ನಿಯಮದಲ್ಲಿ ಬಲಿಪೂಜೆಗೆ ಗುರುವೇ ಬೇಕು; ಆದರೆ ಆಪತ್ಕಾಲದಲ್ಲಿ ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದು. ಜಪಸರವನ್ನು ಹಿಡಿಯುವುದಕ್ಕೆ ಗುರುವು ಬೇಡ. ಗುರುವಿಲ್ಲದ ಊರಿನಲ್ಲಿ ಉಪದೇಶಿಯೆಂಬ ಗೃಹಸ್ಥನು ಜಪಗಳನ್ನು ಹೇಳಿಕೊಡುತ್ತಿದ್ದನು. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು (1962–65) ದೇಶಭಾಷೆಗಳಿಗೆ ಅನುಮತಿ ಕೊಡುವ ತನಕ ಬಲಿಪೂಜೆಯ ಭಾಷೆ ಲ್ಯಾಟಿನ್ ಆಗಿದ್ದಿತು. ಹಳ್ಳಿಯ ಒಕ್ಕಲಿಗನಿಗೆ ವೇದಿಕೆಯ ಮೇಲಣ ಮಾತು ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದುದು ಮನೆಯ ಜಪ, ಉಪದೇಶಿಯ ಪಾಠ, ಹಬ್ಬದ ಹಾಡು, ಇವೆಲ್ಲವೂ ಮನೆಮಾತಿನಲ್ಲಿದ್ದುವು. ಗುಡಿಯಲ್ಲಿ ಪೂಜೆಯು ನಡೆಯಿತು; ಅರ್ಥವು ಮಾತ್ರ ಮನೆಯಲ್ಲಿ ದಾಟಿತು.

ಹೆಸರುಗಳೇ ಇದಕ್ಕೊಂದು ಪ್ರಮಾಣ. ಈ ಕಡೆಯ ಹಳೆಯ ಕ್ಯಾಥೋಲಿಕ್ ಮನೆಗಳಲ್ಲಿ ರಾಯಪ್ಪನೆಂದರೆ ಸಂತ ಪೇತ್ರ, ಅರುಳಪ್ಪನೆಂದರೆ ಸಂತ ಯೊವಾನ್ನ, ಚೌರಪ್ಪನೆಂದರೆ ಸಂತ ಕ್ಸೇವಿಯರ್, ಇನ್ನಾಸಪ್ಪನೆಂದರೆ ಸಂತ ಇಗ್ನೇಷಿಯಸ್. ಚಿನ್ನಪ್ಪನೆಂಬ ಹೆಸರು ಸಂತ ಪೌಲನದು. ಪೌಲನೆಂಬುದಕ್ಕೆ ಲ್ಯಾಟಿನಿನಲ್ಲಿ ಚಿಕ್ಕವನೆಂದು ಅರ್ಥ, ತಮಿಳಿನ ಚಿನ್ನ ಎಂಬುದಕ್ಕೂ ಅದೇ ಅರ್ಥ. ತಮಿಳುನಾಡಿನ ಮಿಷನ್ನಿನಿಂದ ಬಂದ ಈ ರೂಪಗಳು ಕನ್ನಡದ ಅಪ್ಪ ಅಮ್ಮಗಳೊಡನೆ ಹೊಂದಿಕೊಂಡು, ನೆರೆಯ ಕೆಂಪಪ್ಪ ಸಿದ್ದಪ್ಪಗಳ ನಡುವೆ ಹೊರಗಿನವೆನಿಸದೆ ಉಳಿದುವು. ಮಗುವನ್ನು ಕರೆದಾಗಲೆಲ್ಲ ಒಬ್ಬ ಸಂತನ ನೆನಪು ಮನೆಯೊಳಗೆ ಸುಳಿಯಿತು.

ಹೆಸರಿಗಿಂತಲೂ ಬಲವಾದುದು ಹಬ್ಬ. ಕ್ರಿಸ್ತಜಯಂತಿಯು ಬರುವುದು ರಾಗಿಯ ಕೊಯ್ಲು ಮುಗಿದು ಮೆದೆಯೊಟ್ಟುವ ದಿನಗಳಲ್ಲಿ, ಅವರೆಕಾಯಿಯ ಸೊಗಡು ಊರನ್ನು ತುಂಬಿರುವಾಗ. ಆ ರಾತ್ರಿ ಕಟ್ಟುವ ಬಾಲಯೇಸುವಿನ ಮಂಟಪಕ್ಕೆ ಗೋದಲಿಯೆಂದು ಹೆಸರು. ಗೋದಲಿಯೆಂದರೆ ದನಗಳಿಗೆ ಮೇವು ಹಾಕುವ ಸ್ಥಳವೆಂದು ಒಕ್ಕಲಿನ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಲ್ಲಿನ ಮೇಲೆ ಮಲಗಿದ ದೇವರ ಬಡತನವು ಆ ಒಂದು ಮಾತಿನಿಂದಲೇ ಅದಕ್ಕೆ ತಿಳಿಯಿತು. ತಪಃಕಾಲವು ವಿಭೂತಿ ಬುಧವಾರದಿಂದ ಮೊದಲಾಗುವುದು. ಹೊಲವು ಬರಿದಾಗಿ ಬಿಸಿಲು ಏರುವ ಆ ನಾಲ್ವತ್ತು ದಿನಗಳು ಉಪವಾಸಕ್ಕೆ ಒಪ್ಪುವಂಥವು. ಪಾಸ್ಕಹಬ್ಬವನ್ನು ಚಂದ್ರನಿಂದಲೇ ಗಣಿಸುವರಾದುದರಿಂದ ಅದು ಬಹುವರ್ಷಗಳಲ್ಲಿ ಯುಗಾದಿಯ ಅನಂತರದ ಹುಣ್ಣಿಮೆಯನ್ನು ಅನುಸರಿಸಿ ಬರುವುದು. ನೆರೆಯವರ ಪಂಚಾಂಗಕ್ಕೂ ಇವರ ಪಂಚಾಂಗಕ್ಕೂ ಬೆಳುದಿಂಗಳು ಒಂದೇ.

ಹಾರೋಬೆಲೆಯಲ್ಲಿ ಪವಿತ್ರವಾರದ ಆಚರಣೆಯು ಪ್ರಸಿದ್ಧವಾದುದು. ಊರವರೇ ವೇಷ ಕಟ್ಟಿ ಕ್ರಿಸ್ತನ ಶ್ರಮೆಯ ಕಥೆಯನ್ನು ಅಭಿನಯಿಸುವರು. ಕಪಾಲಬೆಟ್ಟವೆಂದು ತಾವು ಕರೆಯುವ ಬೆಟ್ಟಕ್ಕೆ ಶಿಲುಬೆಯ ಹಾದಿಯನ್ನು ಸ್ಮರಿಸುತ್ತ ಏರುವರು. ಕ್ರಿಸ್ತನು ಮಡಿದ ಗೊಲ್ಗೊಥಾ ಎಂಬ ಸ್ಥಳದ ಹೆಸರಿಗೂ ಕಪಾಲವೆಂದೇ ಅರ್ಥ. ಅಲ್ಲಿ ಯೇಸುವಿನ ಎತ್ತರದ ಪ್ರತಿಮೆಯೊಂದನ್ನು ನಿಲ್ಲಿಸುವುದಕ್ಕೆ 2019ರಲ್ಲಿ ನಡೆದ ಪ್ರಯತ್ನವು ವಿವಾದಕ್ಕೆ ಗುರಿಯಾದುದು ಪತ್ರಿಕೆಗಳಲ್ಲಿ ಬಂದ ಸಂಗತಿ. ಆ ವಾದವಿವಾದವು ಹೇಗೇ ಇರಲಿ, ಭಕ್ತಿಯು ತಲೆಮಾರುಗಳನ್ನು ದಾಟಿದುದು ಕಲ್ಲಿನ ಪ್ರತಿಮೆಯಿಂದಲ್ಲ, ತಂದೆಯ ಬೆರಳು ಹಿಡಿದು ಬೆಟ್ಟವೇರಿದ ಮಕ್ಕಳಿಂದ.

ಪ್ರಾಟೆಸ್ಟಂಟ್ ಸಭೆಗಳವರು ಹಿಡಿದ ದಾರಿ ಗ್ರಂಥದ್ದು. ಬಳ್ಳಾರಿಯ ಜಾನ್ ಹ್ಯಾಂಡ್ಸನ ಶ್ರಮದಿಂದ 1831ರಲ್ಲಿ ಬೈಬಲ್ ಪೂರ್ತಿಯಾಗಿ ಕನ್ನಡಕ್ಕೆ ಬಂದಿತು. ಮಂಗಳೂರಿನ ಕಿಟ್ಟೆಲನು 1862ರಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೆಣೆದನು. ಹಾದಿ ಬೇರೆಯಾದರೂ ತತ್ತ್ವವೊಂದೇ: ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳದ ಧರ್ಮವು ಮಗುವಿನದಾಗಲಾರದು.

ಪಾಸ್ಕವೆಂಬ ಶಬ್ದವು ಯೆಹೂದ್ಯರ ಪೆಸಹ ಹಬ್ಬದಿಂದ ಬಂದುದು. ಆ ಹಬ್ಬದ ಊಟದಲ್ಲಿ ಮನೆಯ ಕಿರಿಯ ಮಗುವು ಈ ರಾತ್ರಿಯ ವಿಶೇಷವೇನೆಂದು ಕೇಳುವುದು, ಹಿರಿಯರು ದಾಸ್ಯದಿಂದ ಬಿಡುಗಡೆಯಾದ ಕಥೆಯನ್ನು ಹೇಳುವುದು ಪದ್ಧತಿ. ಪ್ರಶ್ನೆಯನ್ನೇ ಹಬ್ಬದ ಒಂದು ಅಂಗವನ್ನಾಗಿ ಮಾಡಿದ ಆ ಹಿರಿಯರ ವಿವೇಕವು ದೊಡ್ಡದು. ಇಂದು ಹಾರೋಬೆಲೆಯಂತಹ ಊರುಗಳ ಮಕ್ಕಳು ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಬೆಂಗಳೂರನ್ನು ಸೇರುತ್ತಿದ್ದಾರೆ. ಪೇಟೆಯಲ್ಲಿ ಕ್ರಿಸ್ತಜಯಂತಿಯ ದೀಪಕ್ಕೆ ಕೊರತೆಯಿಲ್ಲ. ಅಂಗಡಿಗಳೆಲ್ಲ ನಕ್ಷತ್ರಗಳನ್ನು ತೂಗುಹಾಕುವುವು. ಆದರೆ ಗೋದಲಿಯೆಂದರೇನೆಂದು ಕೇಳುವ ಮಗುವಿಗೆ ಹುಲ್ಲನ್ನೂ ದನವನ್ನೂ ತೋರಿಸಿ ಉತ್ತರ ಹೇಳುವ ಅಜ್ಜಿಯು ಅಲ್ಲಿ ಇರಬೇಕಲ್ಲವೆ? ಗುರುಗಳಿಲ್ಲದ ಕಾಲವನ್ನು ಈ ಪರಂಪರೆಯು ದಾಟಿತು. ದಂಡುಗಳು ತುಳಿದ ಕಾಲವನ್ನೂ ದಾಟಿತು. ಮಗುವು ಕೇಳದೆ, ಹಿರಿಯರು ಹೇಳದೆ ಹಬ್ಬವು ಬರಿಯ ಊಟವಾಗುವ ಕಾಲವೇ ಅದಕ್ಕೆ ಇವೆರಡಕ್ಕಿಂತ ಕಠಿನವಾದುದು. ಈ ಮಾತು ಕ್ರೈಸ್ತರ ಮನೆಗಳಿಗೆ ಮಾತ್ರವಲ್ಲ, ಹಬ್ಬವನ್ನು ಆಚರಿಸುವ ಎಲ್ಲರ ಮನೆಗಳಿಗೂ ಸಲ್ಲುವುದು.