ಮೊದಲ ಗಿರಾಕಿ ಎಲ್ಲಿಂದ ಬಂದ?

ಹೋದ ತಿಂಗಳು ಧಾರವಾಡದಿಂದ ತಂಗಿ ಫೋನ್ ಮಾಡಿದ್ದಳು. "ಅಣ್ಣಾ, ನೀನರ ಅವಂಗ ಸ್ವಲ್ಪ ಬುದ್ಧಿ ಹೇಳು. ಇದ್ದ ನೌಕರಿ ಬಿಟ್ಟು ಮದುವಿ ಫೋಟೋ ತಗೀತೇನಿ ಅಂತ ಕುಂತಾನ" ಅಂತ ಗೋಳಾಡಿದಳು. ಅವಳ ಮಗ ಇಲ್ಲೇ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇದ್ದಾನೆ. ವಯಸ್ಸು ಇಪ್ಪತ್ತಾರು. ಭಾನುವಾರ ಮನೆಗೆ ಊಟಕ್ಕೆ ಕರೆದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಮುಗಿಸಿ ಕೈ ತೊಳೆದವನೇ "ಮಾಮಾ, ಕ್ಯಾಮೆರಾ, ಲೆನ್ಸಿಗೆ ನಾಲ್ಕು ಲಕ್ಷ ಸಾಲ ಸಿಗತದೇನು?" ಅಂದ!

"ಎಷ್ಟು ಮದುವಿ ಮಾಡೀಯಪಾ?"

"ಒಂದು. ಗೆಳೆಯನ ತಂಗೀದು. ರೊಕ್ಕ ತಗೊಂಡಿಲ್ಲ."

ನಾನು ಮೂವತ್ತು ವರ್ಷದಿಂದ ಬ್ಯಾಂಕಿನಲ್ಲಿರುವವನು. ಮುಂದಿನ ಪ್ರಶ್ನೆ ತಾನಾಗಿಯೇ ಬಾಯಿಗೆ ಬಂತು: ಗಿರಾಕಿ ಎಲ್ಲಿದ್ದಾರೆ? ಅವನ ಬಳಿ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಳಿಯೂ ಇರಲಿಲ್ಲ.

ಇದೇ ಪ್ರಶ್ನೆಯನ್ನು 1996ರಲ್ಲಿ ಇನ್ನೊಬ್ಬ ಹುಡುಗನಿಗೂ ಕೇಳಿದ್ದೆ. ಆಗ ನಾನು ಸಣ್ಣ ಊರಿನ ಶಾಖೆಯೊಂದರಲ್ಲಿ ಹೊಸ ಆಫೀಸರ್. ಅವನಿಗೆ ಬೇಕಿದ್ದದ್ದು ಹದಿನೈದು ಸಾವಿರ, ಒಂದು ಕ್ಯಾಮೆರಾಕ್ಕೆ. "ಸಾರ್, ಕ್ಯಾಮೆರಾ ಇಲ್ಲದೆ ಗಿರಾಕಿ ಬರೋಲ್ಲ, ಗಿರಾಕಿ ತೋರಿಸದೆ ನೀವು ಸಾಲ ಕೊಡೋಲ್ಲ. ನಾನು ಯಾವ ಬಾಗಿಲಿಂದ ಒಳಗೆ ಬರಲಿ?" ಅಂದಿದ್ದ. ನಾನು ಅರ್ಜಿ ವಾಪಸ್ ಕೊಟ್ಟೆ. ನಿಯಮದ ಪ್ರಕಾರ ಸರಿಯೇ. ಆದರೆ ಆ ಮಾತು ಇವತ್ತಿಗೂ ಮರೆತಿಲ್ಲ.

ಸಿಕಂದರಾಬಾದಿಗೆ ವರ್ಗವಾಗಿ ಇಲ್ಲೇ ಬೇರು ಬಿಟ್ಟ ಮೇಲೆ, ಆ ಬಾಗಿಲನ್ನು ಹುಡುಕಿಕೊಂಡ ಒಬ್ಬರ ಕಥೆ ತಿಳಿಯಿತು. ಅವರೇ ರಾಜಾ ದೀನ್ ದಯಾಳ್. 2006ರಲ್ಲಿ ಅವರ ಹೆಸರಲ್ಲಿ ಅಂಚೆಚೀಟಿ ಬಂದಿತ್ತು, ನೆನಪಿರಬಹುದು. ಹಳೇ ಹೈದರಾಬಾದಿನ ಅರಮನೆ, ದರಬಾರುಗಳ ಫೋಟೋ ಎಲ್ಲಾದರೂ ನೋಡಿದ್ದರೆ ಅದು ಅವರದ್ದೇ ಆಗಿರುವ ಸಾಧ್ಯತೆ ಬಹಳ. ಎಲ್ಲರೂ ಹೇಳುವುದು ಅವರ ವೈಭವದ ದಿನಗಳ ಕಥೆ. ನನಗೆ ಕುತೂಹಲ ಇದ್ದದ್ದು ಅದಕ್ಕಿಂತ ಹಿಂದಿನ ದಿನಗಳ ಬಗ್ಗೆ. ಮೊದಲ ಆರ್ಡರ್ ಹೇಗೆ ಸಿಕ್ಕಿತು?

ಅವರು ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರಧಾನದ ಜೈನ ಕುಟುಂಬದಲ್ಲಿ. ಓದಿದ್ದು ರೂರ್ಕಿಯ ಥಾಮಸನ್ ಇಂಜಿನಿಯರಿಂಗ್ ಕಾಲೇಜಿನಲ್ಲಿ. 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುವ, ಅಂದಾಜು ಪಟ್ಟಿ ಮಾಡುವ ಕೆಲಸ. ಅಂದರೆ ನಮ್ಮ ಹಾಗೇ ತಿಂಗಳ ಸಂಬಳದ ಮನುಷ್ಯ! ಸುಮಾರು ಮೂವತ್ತನೇ ವಯಸ್ಸಿಗೆ, 1874ರ ಹೊತ್ತಿಗೆ, ಕ್ಯಾಮೆರಾ ಹಿಡಿದರು. ಆಗಿನ ಫೋಟೋಗ್ರಫಿ ಅಂದರೆ ಇವತ್ತಿನ ಹಾಗೆ ಗುಂಡಿ ಒತ್ತುವುದಲ್ಲ. ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಕೂಡಲೇ ಕತ್ತಲಲ್ಲಿ ತೊಳೆಯಬೇಕು. ಹೊರಗೆ ಹೋದರೆ ಕತ್ತಲಕೋಣೆಯನ್ನೂ ಹೊತ್ತುಕೊಂಡೇ ಹೋಗಬೇಕು.

ಇಷ್ಟು ಖರ್ಚಿನ ಹವ್ಯಾಸ ಕಸುಬಾದದ್ದು ಹೇಗೆ? ನನಗೆ ಮೂರು ಕಾರಣ ಕಾಣುತ್ತವೆ.

ಒಂದು, ನೌಕರಿ. ಅದು ಅನ್ನ ಹಾಕಿತು, ಜೊತೆಗೆ ಪರಿಚಯವನ್ನೂ ಕೊಟ್ಟಿತು. ಮಧ್ಯ ಭಾರತದಲ್ಲಿ ಗವರ್ನರ್ ಜನರಲ್‌ರ ಏಜೆಂಟ್ ಆಗಿದ್ದ ಸರ್ ಹೆನ್ರಿ ಡೇಲಿ ಇವರ ಚಿತ್ರಗಳನ್ನು ಮೆಚ್ಚಿ ಬೆನ್ನು ತಟ್ಟಿದರು. ಇಂದೋರಿನ ಮಹಾರಾಜ ಎರಡನೇ ತುಕೋಜಿರಾವ್ ಹೋಳ್ಕರರ ಆಶ್ರಯವೂ ಸಿಕ್ಕಿತು. ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕ್ ಮಧ್ಯ ಭಾರತಕ್ಕೆ ಬಂದಾಗ, ನಂತರ 1875-76ರಲ್ಲಿ ವೇಲ್ಸ್ ರಾಜಕುಮಾರ ಬಂದಾಗ ಫೋಟೋ ತೆಗೆಯುವ ಅವಕಾಶ ಬಂತು. ಮೊದಲ ಗಿರಾಕಿ ಬೀದಿಯಿಂದ ಬರಲಿಲ್ಲ, ಆಫೀಸಿನ ಮೆಟ್ಟಿಲಿಂದಲೇ ಬಂದ.

ಎರಡನೆಯದು ಗುಂಪು ಚಿತ್ರ. ಇದು ನನ್ನ ಬ್ಯಾಂಕ್ ಬುದ್ಧಿಯ ಲೆಕ್ಕ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಒಬ್ಬರ ಫೋಟೋ ತೆಗೆದರೆ ಗಿರಾಕಿ ಒಬ್ಬರೇ. ಮೂವತ್ತು ಜನರ ಗುಂಪು ತೆಗೆದರೆ ಫಲಕ ಒಂದೇ, ಪ್ರತಿ ಕೇಳುವವರು ಮೂವತ್ತು. ಮೂವತ್ತು ಮನೆಯ ಗೋಡೆಗೆ ನಿಮ್ಮ ಕೆಲಸ ಹೋಗಿ ಕೂತಿತು! ಮದುವೆಯೂ ಹಾಗೇ ಅಲ್ಲವೇ? ವೇದಿಕೆ ಮೇಲೆ ಅಕ್ಷತೆ ಹಾಕಲು ಬಂದವರಲ್ಲೇ ಮುಂದಿನ ಮದುವೆಯವರು ಇರುತ್ತಾರೆ.

ಮೂರನೆಯದು, ಅವಸರ ಮಾಡದಿದ್ದದ್ದು. 1882ರಲ್ಲಿ ಸರ್ ಲೆಪೆಲ್ ಗ್ರಿಫಿನ್ ಜೊತೆ ಬುಂದೇಲಖಂಡ ಸುತ್ತಿ ಹಳೆಯ ದೇವಾಲಯ, ಕೋಟೆಗಳ ಚಿತ್ರ ತೆಗೆದರು. ಆ ಬಗೆಯ ಚಿತ್ರಗಳು 1886ರಲ್ಲಿ ಗ್ರಿಫಿನ್ನರ ಪುಸ್ತಕದಲ್ಲಿ ಬಂದವು. ಅಷ್ಟರಲ್ಲಿ 1885ರಲ್ಲಿ ವೈಸರಾಯ್ ಲಾರ್ಡ್ ಡಫರಿನ್ನರ ಫೋಟೋಗ್ರಾಫರ್ ಎಂಬ ನೇಮಕವೂ ಸಿಕ್ಕಿತ್ತು. ನೌಕರಿಗೆ ಮೊದಲು ದೀರ್ಘ ರಜೆ ಹಾಕಿದರು, ರಾಜೀನಾಮೆ ಕೊಡಲಿಲ್ಲ. ಆಮೇಲೆ ನಿವೃತ್ತಿ ತೆಗೆದುಕೊಂಡರು. ಕ್ಯಾಮೆರಾ ಹಿಡಿದದ್ದಕ್ಕೂ ನೌಕರಿ ಬಿಟ್ಟದ್ದಕ್ಕೂ ನಡುವೆ ಸುಮಾರು ಹತ್ತು ವರ್ಷ!

ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದದ್ದು ಆಮೇಲೆ. ದಂಡು ಪ್ರದೇಶದ ಸೈನ್ಯಾಧಿಕಾರಿಗಳು, ನಿಜಾಮರ ಅಮೀರರು ಎಲ್ಲ ಇಲ್ಲಿಯೇ ಇದ್ದರು. ಆದರೆ ಪರದೆಯ ಹೆಂಗಸರು ಪರಗಂಡಸಿನ ಕ್ಯಾಮೆರಾ ಮುಂದೆ ಕೂರುವುದು ಹೇಗೆ? 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಪ್ರತ್ಯೇಕ ಜನಾನಾ ಸ್ಟುಡಿಯೋ ಮಾಡಿ, ಅದನ್ನು ನಡೆಸಲು ಇಂಗ್ಲಿಷ್ ಮಹಿಳೆಯೊಬ್ಬರನ್ನು ಇಟ್ಟರು. ಬರಲಾಗದ ಗಿರಾಕಿಗೆ ಬರುವ ದಾರಿ ಮಾಡಿಕೊಟ್ಟರು. ಆರನೇ ನಿಜಾಮ ಮೆಹಬೂಬ್ ಅಲಿ ಖಾನರು "ರಾಜಾ" ಬಿರುದು ಕೊಟ್ಟರು, 1896ರಲ್ಲಿ ಮುಂಬಯಿಯಲ್ಲೂ ಸ್ಟುಡಿಯೋ ಆಯಿತು. 1905ರಲ್ಲಿ ತೀರಿಕೊಂಡರು. ಅವರ ಸ್ಟುಡಿಯೋದ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಕೊಂಡು ಕಾಪಾಡಿದೆ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಸುಮ್ಮನೆ ಕೇಳಿ, "ಮಾಮಾ, ಅವರಿಗೆ ಡೇಲಿ ಸಾಹೇಬ ಇದ್ದ. ನನಗ ಯಾರದಾರ?" ಅಂದ.

ಈ ಮಾತಿಗೆ ನನ್ನ ಬಾಯಿ ಕಟ್ಟಿತು. ನಿಜ ತಾನೇ? ದೀನ್ ದಯಾಳರ ಕೈಚಳಕದ ಬಗ್ಗೆ ಇಷ್ಟು ಮಾತಾಡುತ್ತೇವೆ. ಮೊದಲು ನಂಬಿದ ಆ ಒಬ್ಬ ಮನುಷ್ಯ ಇಲ್ಲದಿದ್ದರೆ? 1996ರ ಹುಡುಗನಿಗೆ ನಾನು ಆ ಮನುಷ್ಯ ಆಗಲಿಲ್ಲ.

ನಮ್ಮ ಮಗಳ ನಿಶ್ಚಿತಾರ್ಥ ಮುಂದಿನ ತಿಂಗಳಿದೆ. ಅದರ ಫೋಟೋ ಅವನೇ ತೆಗೆಯಲಿ ಅಂದೆ. ನನ್ನಾಕೆ ಅಡುಗೆಮನೆಯಿಂದಲೇ "ಮಗಳ ಮದುವಿ ಎರಡು ಸಲ ಆಗೂದಿಲ್ರೀ, ನೋಡಿಕೊಂಡು ಮಾತಾಡ್ರಿ" ಅಂದಳು. ಅವಳದ್ದೂ ತಪ್ಪಲ್ಲ. ಹೊಸ ಖಾತೆಗೆ ಬ್ಯಾಂಕಿನಲ್ಲೂ ಮೊದಲು ಸಣ್ಣ ಮಿತಿಯನ್ನೇ ಕೊಡುವುದು. ಹಾಗಾಗಿ ನಿಶ್ಚಿತಾರ್ಥ ಅವನಿಗೆ. ಚಿತ್ರ ನೋಡಿದ ಮೇಲೆ ಮದುವೆಯ ಮಾತು. ಕ್ಯಾಮೆರಾ ಸದ್ಯಕ್ಕೆ ಬಾಡಿಗೆಗೆ, ನೌಕರಿ ಇದ್ದಲ್ಲೇ ಇರಲಿ, ಸಾಲದ ಅರ್ಜಿ ಹತ್ತು ಮದುವೆ ಆದ ಮೇಲೆ.

"ಮಾಮಾ, ನಿಮ್ಮ ಹತ್ರ ರೊಕ್ಕ ಹೆಂಗ ತಗೊಳ್ಳಿ?" ಅಂದ.

"ಬಿಲ್ ಹಾಕು. ರೊಕ್ಕ ಕೊಟ್ಟವನೇ ಗಿರಾಕಿ. ಉಳಿದವರು ಬರೀ ಬಳಗ" ಅಂದೆ.

ತಂಗಿಗೆ ಇನ್ನೂ ಫೋನ್ ಮಾಡಿಲ್ಲ. ಬೈಯುತ್ತಾಳೆ ಅಂತ ಗೊತ್ತು!